ಮಡಕೆಯ ಚೂರುಗಳು ಹೇಳುವ ದಿಲ್ಮುನ್: ಕಲಅತ್ ಅಲ್ ಬಹ್ರೇನ್ ದಿಬ್ಬದ ಪದರಗಳು

ಬಹ್ರೇನ್ ದ್ವೀಪದ ಉತ್ತರ ಕರಾವಳಿಯಲ್ಲಿ, ರಾಜಧಾನಿ ಮನಾಮಾದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ, ಖರ್ಜೂರದ ತೋಟಗಳಿಗೂ ಆಳವಿಲ್ಲದ ಸಮುದ್ರಕ್ಕೂ ನಡುವೆ ಒಂದು ದಿಬ್ಬವಿದೆ. ಅದರ ಮೇಲೆ ಹದಿನಾರನೆಯ ಶತಮಾನದ ಕೋಟೆಯೊಂದು ನಿಂತಿರುವುದರಿಂದ ಅದಕ್ಕೆ ಕಲಅತ್ ಅಲ್ ಬಹ್ರೇನ್, ಅಂದರೆ ಬಹ್ರೇನಿನ ಕೋಟೆ, ಎಂದು ಹೆಸರು. ಬಹುಕಾಲ ಜನರು ಅದನ್ನು ಪೋರ್ಚುಗೀಸರ ಕೋಟೆ ಎಂದೇ ಕರೆಯುತ್ತಿದ್ದರು. ಆದರೆ ಕೋಟೆಯು ಈ ಸ್ಥಳದ ಕಥೆಯ ಕೊನೆಯ ಪುಟ ಮಾತ್ರ. ಅದರ ಬುಡದಲ್ಲಿರುವ ದಿಬ್ಬ ನಿಸರ್ಗದ ಕೃತಿಯಲ್ಲ. ಸುಮಾರು 17.5 ಹೆಕ್ಟೇರ್ ವಿಸ್ತಾರದ, ಹನ್ನೆರಡು ಮೀಟರಿನಷ್ಟು ದಪ್ಪವಾಗಿ ಪದರಗಟ್ಟಿರುವ ಆ ಮಣ್ಣೆಲ್ಲ ಮನುಷ್ಯವಾಸದಿಂದ ಬೆಳೆದದ್ದು. ಕ್ರಿ.ಪೂ. 2300ರ ಆಸುಪಾಸಿನಿಂದ ಕ್ರಿ.ಶ. 16ನೇ ಶತಮಾನದವರೆಗೆ, ನಡುನಡುವೆ ಬಿಡುವುಗಳಿದ್ದರೂ, ಜನರು ಇಲ್ಲಿ ಬಾಳಿದರು. ಹಳೆಯ ಮನೆಯ ಅವಶೇಷದ ಮೇಲೆ ಹೊಸ ಮನೆ ಕಟ್ಟಿದರು.

ಈ ದೀರ್ಘ ಅವಧಿಯಲ್ಲಿ ಯಾರು ಯಾವಾಗ ಇಲ್ಲಿದ್ದರು, ಯಾರೊಡನೆ ವ್ಯವಹರಿಸಿದರು, ಯಾವ ಹೊತ್ತಿನಲ್ಲಿ ಪರರ ಆಳ್ವಿಕೆಗೆ ಒಳಗಾದರು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವ ಬರಹಗಳು ಇಲ್ಲಿ ಬಲು ವಿರಳ. ಹಾಗಾಗಿ ವಿದ್ವಾಂಸರು ಮುಖ್ಯವಾಗಿ ಆಶ್ರಯಿಸಿದ್ದು ಮಡಕೆಯ ಚೂರುಗಳನ್ನು. ಆ ಚೂರುಗಳನ್ನು ಓದುವ ಬಗೆಯನ್ನೂ, ಆ ಓದಿನಿಂದ ತಿಳಿದುಬಂದ ಸಂಗತಿಗಳನ್ನೂ, ಅಂಥ ಓದಿನ ಮಿತಿಗಳನ್ನೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ದಿಲ್ಮುನ್ ಎಂಬ ಹೆಸರಿನ ಬೆನ್ನುಹತ್ತಿ

ಸುಮೇರಿಯನ್ನರ ಬರಹಗಳಲ್ಲಿ ದಿಲ್ಮುನ್ ಎಂಬ ನಾಡಿನ ಹೆಸರು ಮತ್ತೆ ಮತ್ತೆ ಬರುತ್ತದೆ. ಎಂಕಿ ಮತ್ತು ನಿನ್‌ಹುರ್ಸಗ್ ದೇವತೆಗಳ ಪುರಾಣದಲ್ಲಿ ಅದು ಸಿಹಿನೀರಿನ ವರ ಪಡೆದ ಶುದ್ಧ ಭೂಮಿ. ವ್ಯಾಪಾರದ ದಾಖಲೆಗಳಲ್ಲಿ ಅದೇ ನಾಡು ತಾಮ್ರ, ಮರ, ಖರ್ಜೂರಗಳು ಕೈಬದಲಾಗುವ ಬಂದರು. ಅಕ್ಕಾಡಿನ ಸಾರ್ಗೋನ್ ದೊರೆ ತನ್ನ ರಾಜಧಾನಿಯ ಕಟ್ಟೆಗೆ ಮೆಲುಹ್ಹಾ, ಮಗಾನ್, ದಿಲ್ಮುನ್‌ಗಳ ಹಡಗುಗಳು ಬಂದು ನಿಂತವೆಂದು ಹೆಮ್ಮೆಪಟ್ಟುಕೊಂಡಿದ್ದಾನೆ. ಇವುಗಳಲ್ಲಿ ಮೆಲುಹ್ಹಾ ಎಂದರೆ ಸಿಂಧೂ ಕಣಿವೆಯ ನಾಡು, ಮಗಾನ್ ಎಂದರೆ ಇಂದಿನ ಒಮಾನ್ ಪ್ರದೇಶ ಎಂಬುದು ಬಹುತೇಕ ವಿದ್ವಾಂಸರ ಒಪ್ಪಿಗೆ.

ಬಹ್ರೇನೇ ದಿಲ್ಮುನ್ ಇರಬೇಕೆಂಬ ಊಹೆಗೆ ಮೊದಲ ಆಧಾರ ದೊರೆತದ್ದು 19ನೇ ಶತಮಾನದಲ್ಲಿ. ಕ್ಯಾಪ್ಟನ್ ಡ್ಯುರಾಂಡ್ ಎಂಬ ಬ್ರಿಟಿಷ್ ಅಧಿಕಾರಿ 1878-79ರಲ್ಲಿ ದ್ವೀಪವನ್ನು ಸಮೀಕ್ಷಿಸುತ್ತಿದ್ದಾಗ ಬೆಣೆಲಿಪಿಯ ಬರಹವಿದ್ದ ಕಪ್ಪುಕಲ್ಲೊಂದನ್ನು ಕಂಡ. ಅದು ಇಂಜಕ್ ದೇವರ ಸೇವಕನಾದ ರಿಮುಮ್ ಎಂಬವನ ಅರಮನೆಯನ್ನು ಹೆಸರಿಸುತ್ತಿತ್ತು. ಇಂಜಕ್ ದಿಲ್ಮುನ್‌ನ ಅಧಿದೇವತೆಯಾದ್ದರಿಂದ, ಬೆಣೆಲಿಪಿಯ ಪಂಡಿತ ಹೆನ್ರಿ ರಾಲಿನ್ಸನ್ 1880ರಲ್ಲಿ ಬಹ್ರೇನನ್ನು ದಿಲ್ಮುನ್ ಎಂದು ಗುರುತಿಸಿದ. ಆದರೂ ಮುಂದಿನ ಎಪ್ಪತ್ತು ವರ್ಷಗಳ ಕಾಲ ಎಲ್ಲರ ಕಣ್ಣು ನೆಟ್ಟಿದ್ದು ದ್ವೀಪದ ತುಂಬ ಹರಡಿದ್ದ ಸಮಾಧಿ ದಿಣ್ಣೆಗಳ ಮೇಲೆ. ಅವುಗಳ ಪೈಕಿ 21 ತಾಣಗಳಲ್ಲಿರುವ 11,774 ದಿಣ್ಣೆಗಳು 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸತ್ತವರ ಮನೆಗಳು ಸಾವಿರಾರು ಇದ್ದವು. ಬದುಕಿದ್ದವರ ಊರು ಮಾತ್ರ ಕಾಣಿಸುತ್ತಿರಲಿಲ್ಲ. ಬೇರೆ ಕಡೆಗಳಿಂದ ಶವಗಳನ್ನು ತಂದು ಇಲ್ಲಿ ಹೂಳುತ್ತಿದ್ದರು, ಇದು ಬರಿಯ ಮಸಣದ ದ್ವೀಪ ಎಂಬ ವಾದವೂ ಹುಟ್ಟಿಕೊಂಡಿತ್ತು.

ಈ ಒಗಟನ್ನು ಬಿಡಿಸಿದವರು ಡೆನ್ಮಾರ್ಕಿನ ಆರ್ಹುಸ್ ನಗರದ ವಸ್ತುಸಂಗ್ರಹಾಲಯದಿಂದ ಬಂದ ತಂಡ. ಅದರ ನಾಯಕ ಪಿ. ವಿ. ಗ್ಲೋಬ್, ಜೊತೆಗಾರ ಇಂಗ್ಲೆಂಡಿನ ಜೆಫ್ರಿ ಬಿಬಿ. ಬಿಬಿ ಅದಕ್ಕೂ ಮುಂಚೆ ತೈಲ ಕಂಪನಿಯೊಂದರ ಕೆಲಸದ ಮೇಲೆ ಬಹ್ರೇನಿನಲ್ಲಿದ್ದು ಆ ಸಮಾಧಿಗಳನ್ನು ಕಂಡಿದ್ದವನು. 1953ರ ಕೊನೆಯಲ್ಲಿ ಬಂದ ಈ ತಂಡ ಬಾರ್ಬಾರ್ ಎಂಬಲ್ಲಿ ದೇವಾಲಯವನ್ನೂ, ಕಲಅತ್ ದಿಬ್ಬದಲ್ಲಿ ನಗರವನ್ನೂ ಪತ್ತೆಹಚ್ಚಿತು. ಅನಂತರ 1977ರಿಂದ ಮೋನಿಕ್ ಕೆರ್ವ್ರಾನ್, ಆಮೇಲೆ ಪಿಯರ್ ಲೊಂಬಾರ್ ಅವರ ನೇತೃತ್ವದಲ್ಲಿ ಫ್ರೆಂಚ್ ತಂಡವೂ, ಬಹ್ರೇನಿನ ಪುರಾತತ್ತ್ವಜ್ಞರೂ ಕೆಲಸವನ್ನು ಮುಂದುವರಿಸಿದರು. ಡ್ಯಾನಿಶ್ ಉತ್ಖನನದ ಪೂರ್ಣ ವರದಿಯನ್ನು ಫ್ಲೆಮಿಂಗ್ ಹೊಯ್ಲುಂಡ್ ಮತ್ತು ಹೆಲ್ಮುತ್ ಆಂಡರ್ಸನ್ 1994 ಮತ್ತು 1997ರಲ್ಲಿ ಎರಡು ಸಂಪುಟಗಳಾಗಿ ಹೊರತಂದರು. ಮಡಕೆಗಳ ಕ್ರಮಬದ್ಧ ವರ್ಗೀಕರಣದಲ್ಲಿ ಹೊಯ್ಲುಂಡ್ ಅವರ ಪಾತ್ರ ಹಿರಿದು.

ಚೂರನ್ನು ಓದುವ ಬಗೆ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬುದು ನಮ್ಮ ಗಾದೆ. ಪುರಾತತ್ತ್ವಜ್ಞ ಅದಕ್ಕೆ ಇನ್ನೊಂದು ಪಾದವನ್ನು ಸೇರಿಸಬಹುದು: ಚೂರಿಗೆ ಸಾವಿರ ವರುಷ. ಮಡಕೆ ಸುಲಭವಾಗಿ ಒಡೆಯುತ್ತದೆ, ಆದರೆ ಒಡೆದ ಚೂರು ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಲೋಹವನ್ನು ಕರಗಿಸಿ ಮತ್ತೆ ಬಳಸುತ್ತಾರೆ, ಕಟ್ಟಡದ ಕಲ್ಲನ್ನು ಕಿತ್ತು ಬೇರೆ ಗೋಡೆಗೆ ಇಡುತ್ತಾರೆ. ಒಡೆದ ಗಡಿಗೆಯನ್ನು ಹಿತ್ತಿಲಿಗೆ ಎಸೆಯುತ್ತಾರೆ. ಹಳ್ಳಿಯ ಮಕ್ಕಳು ಬಿಲ್ಲೆಯಾಟಕ್ಕೆ ಆರಿಸಿಕೊಳ್ಳುವ ಬೋಕಿಯ ಹೊರತು ಉಳಿದುದಕ್ಕೆ ಯಾವ ಬೆಲೆಯೂ ಇಲ್ಲ. ಬೆಲೆಯಿಲ್ಲದ್ದರಿಂದಲೇ ಅದು ಬಿದ್ದಲ್ಲೇ ಉಳಿಯುತ್ತದೆ. ಬಿದ್ದಲ್ಲೇ ಉಳಿಯುವುದರಿಂದಲೇ ಅದು ಒಳ್ಳೆಯ ಸಾಕ್ಷಿ.

ಒಂದು ಚೂರಿನಲ್ಲಿ ಪರೀಕ್ಷಕ ನೋಡುವ ಅಂಶಗಳು ಹಲವು. ಮೊದಲನೆಯದು ಜೇಡಿ: ಅದರ ಬಣ್ಣ, ನುಣುಪು, ಬಿರುಕು ಬಿಡದಿರಲೆಂದು ಬೆರೆಸಿದ ಮರಳು, ಹೊಟ್ಟು ಅಥವಾ ಕಲ್ಲಿನ ಪುಡಿ. ಎರಡನೆಯದು ತಯಾರಿಕೆ: ಕೈಯಿಂದ ಸುರುಳಿ ಸುತ್ತಿ ಮಾಡಿದ್ದೋ, ತಿಗರಿಯ ಮೇಲೆ ತಿರುಗಿಸಿದ್ದೋ. ಮೂರನೆಯದು ಸುಡುವಿಕೆ: ಆವಿಗೆಯಲ್ಲಿ ಗಾಳಿ ಚೆನ್ನಾಗಿ ಆಡಿದ್ದರೆ ಮಣ್ಣಿನ ಕಬ್ಬಿಣಾಂಶ ಕೆಂಪಾಗುತ್ತದೆ, ಗಾಳಿ ಕಟ್ಟಿದರೆ ಮಡಕೆ ಕಪ್ಪಾಗುತ್ತದೆ. ನಾಲ್ಕನೆಯದು ಆಕಾರ. ಹೊಟ್ಟೆಯ ಭಾಗದ ಚೂರಿಗಿಂತ ಬಾಯಂಚಿನ ಚೂರು ಹೆಚ್ಚು ಮಾತಾಡುತ್ತದೆ. ಬಾಯಂಚಿನ ಬಾಗನ್ನು ಅಳೆದು ಇಡೀ ಪಾತ್ರೆಯ ಬಾಯಿಯ ಅಗಲವನ್ನು ಲೆಕ್ಕಹಾಕಬಹುದು. ಅದರ ಅಡ್ಡಕೊಯ್ತದ ಚಿತ್ರ ಬರೆದು ಬೇರೆ ತಾಣಗಳ ಚಿತ್ರಗಳೊಂದಿಗೆ ಹೋಲಿಸಬಹುದು. ಕೊನೆಯದು ಅಲಂಕಾರ. ಇವಲ್ಲದೆ ಚೂರನ್ನು ತೆಳುವಾಗಿ ಅರೆದು ಸೂಕ್ಷ್ಮದರ್ಶಕದಡಿ ಖನಿಜಕಣಗಳನ್ನು ಗುರುತಿಸುವ ವಿಧಾನವೂ ಇದೆ. ಅಂಗಾಂಶದ ತೆಳುಪದರವನ್ನು ಗಾಜಿನ ಮೇಲಿಟ್ಟು ನೋಡುವ ನನ್ನಂಥ ವೈದ್ಯರಿಗೆ ಈ ಕ್ರಮ ಅಪರಿಚಿತವೆನಿಸುವುದಿಲ್ಲ. ಅಲ್ಲಿ ಕಾಣುವ ಕಣಗಳು ಜೇಡಿ ಯಾವ ನೆಲದ್ದೆಂಬುದನ್ನು ಸೂಚಿಸುತ್ತವೆ.

ಆದರೆ ಒಂಟಿ ಚೂರಿನಿಂದ ಕಾಲನಿರ್ಣಯವಾಗದು. ಬೇಕಾದದ್ದು ಒಂದೇ ಪದರದಲ್ಲಿ ಒಟ್ಟಿಗೆ ಸಿಕ್ಕ ಚೂರುಗಳ ಗುಂಪು ಮತ್ತು ಅದರಲ್ಲಿ ಪ್ರತಿಯೊಂದು ಬಗೆಯ ಪ್ರಮಾಣ. ಈಜಿಪ್ಟಿನ ಸಮಾಧಿಗಳ ಮಡಕೆಗಳನ್ನು ಹೀಗೆ ಅನುಕ್ರಮವಾಗಿ ಜೋಡಿಸಿ, ವರ್ಷಗಳ ಲೆಕ್ಕ ಗೊತ್ತಿಲ್ಲದೆಯೇ ಹಿಂದುಮುಂದುಗಳನ್ನು ನಿರ್ಧರಿಸಬಹುದೆಂದು ಫ್ಲಿಂಡರ್ಸ್ ಪೆಟ್ರಿ 19ನೇ ಶತಮಾನದ ಅಂತ್ಯದಲ್ಲಿ ತೋರಿಸಿದ್ದ. ಪದರಗಳಿರುವ ದಿಬ್ಬದಲ್ಲಿ ಇದು ಇನ್ನಷ್ಟು ಭದ್ರ, ಏಕೆಂದರೆ ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ನಿಯಮವನ್ನು ಮಣ್ಣೇ ಕಾಯುತ್ತದೆ.

ನಿಯಮಕ್ಕೆ ಅಪವಾದಗಳೂ ಇವೆ. ಮೇಲಿನ ಕಾಲದವರು ಹಗೇವು ತೋಡಿದರೆ, ಬಾವಿ ಅಗೆದರೆ, ಗೋಡೆಯ ತಳಪಾಯ ತೆಗೆದರೆ ಕೆಳಗಿನ ಚೂರುಗಳು ಮೇಲಕ್ಕೆ ಬರುತ್ತವೆ. ಹೆಗ್ಗಣದ ಬಿಲದ ಮೂಲಕ ಮೇಲಿನದು ಕೆಳಕ್ಕೂ ಜಾರುತ್ತದೆ. ಆದುದರಿಂದ ಒಂದು ಪದರದ ಕಾಲವನ್ನು ಅದರಲ್ಲಿ ನಿಜವಾಗಿ ಸೇರಿರುವ ಅತ್ಯಂತ ಹೊಸ ವಸ್ತು ನಿರ್ಧರಿಸುತ್ತದೆ. ಅಟ್ಟದ ಮೇಲೆ ಮುತ್ತಜ್ಜಿಯ ಕಂಚಿನ ತಟ್ಟೆಯೂ ಮೊಮ್ಮಗಳ ಪ್ಲಾಸ್ಟಿಕ್ ಡಬ್ಬಿಯೂ ಒಟ್ಟಿಗಿದ್ದರೆ, ಅಟ್ಟವನ್ನು ಕೊನೆಯ ಬಾರಿ ಬಳಸಿದ್ದು ಮೊಮ್ಮಗಳ ಕಾಲದಲ್ಲಿ ಎಂದೇ ಹೇಳಬೇಕಾಗುತ್ತದೆ.

ಆರು ನಗರಗಳು

ಬಿಬಿ ಈ ದಿಬ್ಬದ ಪದರಗಳನ್ನು ಮೊದಲ ನಗರದಿಂದ ಆರನೆಯ ನಗರದವರೆಗೆ ಆರು ಘಟ್ಟಗಳಾಗಿ ವಿಂಗಡಿಸಿದ. ಮುಂದಿನ ಸಂಶೋಧನೆ ಒಳವಿಭಾಗಗಳನ್ನೂ ತಿದ್ದುಪಡಿಗಳನ್ನೂ ಸೇರಿಸಿದ್ದರೂ ಈ ಚೌಕಟ್ಟು ಇಂದಿಗೂ ಬಳಕೆಯಲ್ಲಿದೆ.

ನಗರಕ್ಕಿಂತ ಮೊದಲಿನ ಕಥೆ ದ್ವೀಪದ ಬೇರೆ ಮೂಲೆಯಲ್ಲಿದೆ. ನೈಋತ್ಯದ ಅಲ್ ಮರ್ಖ್ ಎಂಬಲ್ಲಿ ಮೀನುಗಾರರು ತಂಗಿದ್ದ ನೆಲೆಯಲ್ಲಿ ಉಬೈದ್ ಸಂಸ್ಕೃತಿಯ ಬಣ್ಣದ ಮಡಕೆಚೂರುಗಳು ದೊರೆತಿವೆ. ಕೊಲ್ಲಿಯ ತೀರದ ಇಂಥ ಚೂರುಗಳ ಜೇಡಿಯನ್ನು ಜೋನ್ ಓಟ್ಸ್ ಮತ್ತು ಸಂಗಡಿಗರು ಪರೀಕ್ಷಿಸಿ 1977ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಅವು ದಕ್ಷಿಣ ಮೆಸಪಟೋಮಿಯಾದಲ್ಲಿ ತಯಾರಾದವು. ಅಂದರೆ ಇಲ್ಲಿನವರು ಸ್ವತಃ ಮಡಕೆ ಮಾಡುವುದಕ್ಕೆ ಬಹಳ ಮುಂಚೆಯೇ ಕಡಲಿನ ಮೂಲಕ ಮಡಕೆ ಬಂದಿತ್ತು.

ಕಲಅತ್ ದಿಬ್ಬದ ತಳದ ಪದರವೇ ಮೊದಲ ನಗರ; ಕ್ರಿ.ಪೂ. ಮೂರನೆಯ ಸಹಸ್ರಮಾನದ ಕೊನೆಯ ಶತಮಾನಗಳದ್ದು. ಕಲ್ಲಿನ ಸಣ್ಣ ಮನೆಗಳು, ತಾಮ್ರ ಕರಗಿಸಿದ ಕುರುಹುಗಳು, ಜೊತೆಗೆ ಒಂದು ವಿಶಿಷ್ಟ ಬಗೆಯ ಗಡಿಗೆಗಳು ಇಲ್ಲಿ ಸಿಕ್ಕವು. ಗಡಿಗೆಯ ಹೊರಮೈಯಲ್ಲಿ ಮಣ್ಣಿನ ಪಟ್ಟಿಯೊಂದನ್ನು ಸುತ್ತಿ ಅಂಟಿಸಿ, ಅದರುದ್ದಕ್ಕೂ ಬೆರಳಿನಿಂದ ಒತ್ತುತ್ತ ಹೋಗಿರುವುದರಿಂದ ಅದು ಸರಪಳಿಯಂತೆ ಕಾಣುತ್ತದೆ. ಬಿಬಿ ಇದನ್ನು ಸರಪಳಿ ಏಣಿನ ಮಡಕೆ ಎಂದು ಕರೆದ. ಇದು ಸ್ಥಳೀಯರ ಅಡುಗೆ ಹಾಗೂ ಸಂಗ್ರಹದ ಪಾತ್ರೆ. ಅದರ ಜೊತೆಯಲ್ಲೇ ಮೆಸಪಟೋಮಿಯಾದ ಪಾತ್ರೆಗಳೂ, ಒಮಾನ್ ಕಡೆಯ ಉಮ್ ಅನ್ ನಾರ್ ಸಂಸ್ಕೃತಿಯ ನಯವಾದ ಬಣ್ಣದ ಪಾತ್ರೆಗಳೂ, ಸ್ವಲ್ಪ ಪ್ರಮಾಣದಲ್ಲಿ ಸಿಂಧೂ ಬಗೆಯವೂ ಕಂಡುಬಂದಿವೆ. ಮೂರು ದಿಕ್ಕುಗಳ ಸಂಪರ್ಕ ಆರಂಭದಲ್ಲೇ ಇತ್ತು.

ಎರಡನೆಯ ನಗರ ಕ್ರಿ.ಪೂ. 2000ದ ಹೊತ್ತಿಗೆ ಆರಂಭವಾಗಿ ಮುಂದಿನ ಸುಮಾರು ಮೂರು ಶತಮಾನ ಬೆಳಗಿತು. ಊರಿನ ಸುತ್ತ ಕಲ್ಲಿನ ಗೋಡೆ ಎದ್ದಿತು. ಬಾರ್ಬಾರಿನ ದೇವಾಲಯ ವಿಸ್ತಾರಗೊಂಡಿತು. ಸಾರ್ ಎಂಬಲ್ಲಿ ಬೀದಿ, ಗುಡಿ, ಸಾಲುಮನೆಗಳುಳ್ಳ ಊರು ಬೆಳೆಯಿತು. ಗಡಿಗೆಗಳ ಮೇಲೆ ಸರಪಳಿ ಹಿಂದೆ ಸರಿದು, ಕೆಂಪು ಮೈಯ ಸುತ್ತ ಸರಳವಾದ ಅಡ್ಡ ಏಣುಗಳು ಮುಂದೆ ಬಂದವು. ಇದನ್ನು ಬಾರ್ಬಾರ್ ಮಡಕೆ ಎನ್ನುತ್ತಾರೆ. ಕುವೈತಿನ ಫೈಲಕಾ ದ್ವೀಪದಲ್ಲೂ ಇದೇ ಮಡಕೆ ದೊರೆತಿರುವುದರಿಂದ ದಿಲ್ಮುನ್‌ನ ವ್ಯಾಪ್ತಿ ಅಲ್ಲಿಯವರೆಗೆ ಹಬ್ಬಿತ್ತೆಂದು ತಿಳಿಯುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಸರಪಳಿಯಿಂದ ಸರಳ ಏಣಿಗೆ ಆದ ಬದಲಾವಣೆ ಒಂದೇ ಏಟಿಗೆ ಆದದ್ದಲ್ಲ. ಒಂದು ಬಗೆ ಪದರದಿಂದ ಪದರಕ್ಕೆ ಕಡಿಮೆಯಾಗುತ್ತ, ಇನ್ನೊಂದು ಹೆಚ್ಚುತ್ತ ಹೋಗುತ್ತದೆ. ಒಂದೇ ಕುಂಬಾರ ಪರಂಪರೆಯ ತಲೆಮಾರುಗಳ ಕೈ ಬದಲಾದ ಹಾಗೆ.

ಕ್ರಿ.ಪೂ. 18ನೇ ಶತಮಾನದ ಬಳಿಕ ಊರು ಬಡವಾಗುತ್ತದೆ. ಸಿಂಧೂ ನಗರಗಳು ಅಷ್ಟರಲ್ಲಿ ಅಳಿದಿದ್ದವು. ದಕ್ಷಿಣ ಮೆಸಪಟೋಮಿಯಾದ ನಗರಗಳೂ ಕುಸಿದವು. ಎರಡೂ ತುದಿಗಳ ಗಿರಾಕಿಗಳು ಮುಳುಗಿದ ಮೇಲೆ ನಡುವಣ ದಳ್ಳಾಳಿಗೆ ಉಳಿಗಾಲವೆಲ್ಲಿ?

ಮೂರನೆಯ ನಗರದಲ್ಲಿ ದೃಶ್ಯ ಪೂರ್ತಿ ಬದಲಾಗುತ್ತದೆ. ಕ್ರಿ.ಪೂ. 15ನೇ ಶತಮಾನದಲ್ಲಿ ಬ್ಯಾಬಿಲೋನಿಯಾವನ್ನು ಆಳುತ್ತಿದ್ದ ಕ್ಯಾಸೈಟರು ದಿಲ್ಮುನ್ನನ್ನು ತಮ್ಮ ಪ್ರಾಂತವಾಗಿಸಿಕೊಂಡರು. ಈ ಪದರದ ಮಡಕೆ ಜೇನುಬಣ್ಣದ, ಅಲಂಕಾರವಿಲ್ಲದ, ತಿಗರಿಯ ಮೇಲೆ ಬೇಗಬೇಗ ತೆಗೆದ ಲೋಟ ಹೂಜಿಗಳು. ಬಣ್ಣವನ್ನು ಕಂಡು ಬಿಬಿ ಇದಕ್ಕೆ ಕ್ಯಾರಮೆಲ್ ಮಡಕೆ ಎಂದು ಹೆಸರಿಟ್ಟ. ಬ್ಯಾಬಿಲೋನಿಯಾದ ಊರುಗಳಲ್ಲಿ ಸಿಗುವ ಪಾತ್ರೆಗಳದೇ ಅಚ್ಚು. ಹಳೆಯ ದೊಡ್ಡ ಕಟ್ಟಡಗಳನ್ನು ಉಗ್ರಾಣಗಳಾಗಿ ಬಳಸಲಾಯಿತು. ಖರ್ಜೂರವನ್ನು ರಾಶಿ ಹಾಕಿ ಅದರ ಪಾನಕವನ್ನು ಬಸಿಯುವ, ತೋಡುಗಳಿರುವ ನೆಲದ ಕೋಣೆಗಳಿದ್ದವು. ಕೊನೆಗೊಮ್ಮೆ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಕರಕಲಾದ ಖರ್ಜೂರಗಳು ಉತ್ಖನನದಲ್ಲಿ ದೊರೆತವು. ಫ್ರೆಂಚರು ಕಂಡುಕೊಂಡ ಬೆಣೆಲಿಪಿಯ ಫಲಕಗಳಲ್ಲಿ ಕೆಲವು ಅಗುಮ್ ಎಂಬ ಕ್ಯಾಸೈಟ್ ದೊರೆಯ ಆಳ್ವಿಕೆಯ ವರ್ಷವನ್ನು ಹೆಸರಿಸುತ್ತವೆ. ಇತ್ತ ಇರಾಕಿನ ನಿಪ್ಪುರಿನಲ್ಲಿ ಸಿಕ್ಕ ಪತ್ರಗಳಲ್ಲಿ ದಿಲ್ಮುನ್‌ನಲ್ಲಿದ್ದ ಇಲಿ-ಇಪ್ಪಶ್ರಾ ಎಂಬ ಅಧಿಕಾರಿ, ಅಹ್ಲಮು ಎಂಬ ಅಲೆಮಾರಿಗಳು ಖರ್ಜೂರವನ್ನು ದೋಚಿದರೆಂದು ದೂರುತ್ತಾನೆ. ಮಡಕೆ ಸೂಚಿಸಿದ್ದನ್ನು ಬರಹ ಸಮರ್ಥಿಸಿದ ಅಪರೂಪದ ಸಂದರ್ಭ ಇದು. ಖರ್ಜೂರದ ವಿಷಯದಲ್ಲಿ ಮೂರನೆಯ ಸಾಕ್ಷಿಯೂ ಉಂಟು. ಬಹ್ರೇನಿನ ಪ್ರಾಚೀನ ಸಮಾಧಿಗಳ ಅಸ್ಥಿಪಂಜರಗಳಲ್ಲಿ ಹಲ್ಲುಹುಳುಕು ಹೇರಳವಾಗಿದ್ದು, ಅದನ್ನು ಅಧ್ಯಯನ ಮಾಡಿದವರು ಅಂಟಂಟಾದ ಈ ಸಿಹಿ ಹಣ್ಣಿನತ್ತ ಬೆರಳು ತೋರಿದ್ದಾರೆ.

ನಾಲ್ಕನೆಯ ನಗರ ಕಬ್ಬಿಣಯುಗದ್ದು, ಕ್ರಿ.ಪೂ. ಮೊದಲನೆಯ ಸಹಸ್ರಮಾನದ ಮೊದಲ ಭಾಗ. ಅಸ್ಸೀರಿಯಾದ ಎರಡನೆಯ ಸಾರ್ಗೋನನಿಗೆ ಕಾಣಿಕೆ ಕಳುಹಿಸಿದ ಉಪೇರಿ ಎಂಬ ದಿಲ್ಮುನ್ ದೊರೆ ಕ್ರಿ.ಪೂ. 8ನೇ ಶತಮಾನದ ಕೊನೆಯವನು. ಈ ಕಾಲದ ದೊಡ್ಡ ಮನೆಯ ನೆಲದಡಿಯಲ್ಲಿ ವಿಚಿತ್ರವೊಂದು ಕಾದಿತ್ತು. ಬಟ್ಟಲಿನೊಳಗೆ ಹಾವಿನ ಎಲುಬುಗಳು. ಕೆಲವುದರಲ್ಲಿ ಜೊತೆಗೆ ಒಂದು ಮಣಿ ಅಥವಾ ಮುತ್ತು. ಮೇಲೆ ಇನ್ನೊಂದು ಬಟ್ಟಲಿನ ಮುಚ್ಚಳ. ಹುತ್ತಕ್ಕೆ ಹಾಲೆರೆಯುವ, ಅರಳಿಕಟ್ಟೆಯಲ್ಲಿ ನಾಗರಕಲ್ಲು ನಿಲ್ಲಿಸುವ ನಾಡಿನಿಂದ ಬಂದವರಿಗೆ ಇದನ್ನು ನೋಡಿದಾಗ ಮನಸ್ಸು ತಟ್ಟನೆ ಸಂಬಂಧ ಕಲ್ಪಿಸುತ್ತದೆ. ಆದರೆ ಹಾವಿನ ಆರಾಧನೆ ಲೋಕದ ಹಲವು ಕಡೆ ಸ್ವತಂತ್ರವಾಗಿ ಹುಟ್ಟಿದೆ. ಎರಡನ್ನು ಜೋಡಿಸಲು ನಡುವಣ ಕೊಂಡಿಗಳು ಬೇಕು, ಅವು ಇಲ್ಲಿಲ್ಲ.

ಐದನೆಯ ನಗರದ ಹೊತ್ತಿಗೆ ಅಲೆಕ್ಸಾಂಡರನ ನಂತರದ ಯುಗ. ಗ್ರೀಕರು ದ್ವೀಪವನ್ನು ತೈಲೋಸ್ ಎಂದು ಕರೆದರು. ಥಿಯೋಫ್ರಾಸ್ಟಸ್ ಇಲ್ಲಿನ ಹತ್ತಿಯ ಗಿಡಗಳನ್ನು ವರ್ಣಿಸಿದ. ಮಡಕೆಗಳಿಗೆ ಹೊಳಪಿನ ಗಾಜುಲೇಪ ಬಂತು. ಗ್ರೀಕ್ ಮಾದರಿಯ ತಟ್ಟೆಗಳು ಬಂದವು. ಅಥೆನ್ಸ್ ಕಡೆಯ ಕಪ್ಪು ಮೆರುಗಿನ ಪಾತ್ರೆಯ ಚೂರುಗಳೂ ಸಿಕ್ಕಿವೆ. ಆರನೆಯ ನಗರ ಇಸ್ಲಾಮೀ ಕಾಲದ್ದು. ಅದರ ಪದರಗಳಲ್ಲಿ ಚೀನಾದ ಪಿಂಗಾಣಿ ಮತ್ತು ಹಸಿರು ಮೆರುಗಿನ ಸೆಲಡಾನ್ ಚೂರುಗಳಿವೆ. ಪೋರ್ಚುಗೀಸರು 1521ರಲ್ಲಿ ಬಂದು, ಇದ್ದ ಕೋಟೆಗೆ ಕೊತ್ತಳಗಳನ್ನು ಸೇರಿಸಿದರು. 1602ರಲ್ಲಿ ಪರ್ಶಿಯನ್ನರಿಗೆ ದ್ವೀಪವನ್ನು ಬಿಟ್ಟುಕೊಟ್ಟರು.

ಲೋಥಾಲಿನಿಂದ ಬಂದ ಪ್ರತಿಧ್ವನಿ

ಮಡಕೆಯ ಕಥೆಗೆ ಪೂರಕವಾಗಿ ತೂಕದ ಕಲ್ಲುಗಳೂ ಮುದ್ರೆಗಳೂ ನಿಲ್ಲುತ್ತವೆ. ಎರಡನೆಯ ನಗರದ ಉತ್ತರ ಗೋಡೆಯ ಬಾಗಿಲ ಬಳಿ ಸಿಕ್ಕ ತೂಕದ ಕಲ್ಲುಗಳು ಸಿಂಧೂ ನಾಡಿನ ಮಾನಕ್ಕೆ ಹೊಂದುತ್ತವೆ, ಮೆಸಪಟೋಮಿಯಾದ ಮಾನಕ್ಕಲ್ಲ. ಊರ್ ನಗರದ ತಾಮ್ರ ವ್ಯಾಪಾರಿ ಎಯಾ-ನಾಸಿರನ ಕಾಲದ ಫಲಕವೊಂದರಲ್ಲಿ ದಿಲ್ಮುನ್ ತೂಕದಲ್ಲಿ ಪಡೆದ ತಾಮ್ರವನ್ನು ಊರ್‌ನ ತೂಕಕ್ಕೆ ಪರಿವರ್ತಿಸಿ ಬರೆದಿದೆ. ಅದರ ಲೆಕ್ಕವೂ ಇದಕ್ಕೆ ತಾಳೆಯಾಗುತ್ತದೆ. ಮೊದಲು ವ್ಯಾಪಾರದ ಮಾನವನ್ನು ನಿಶ್ಚಯಿಸಿದವರು ಪೂರ್ವದ ಕಡಲಾಚೆಯವರು ಎಂಬುದಕ್ಕೆ ಇದು ಬಲವಾದ ಸೂಚನೆ. ಬಹ್ರೇನಿನ ಹಳೆಯ ದುಂಡು ಮುದ್ರೆಗಳಲ್ಲಿ ಕೆಲವುದರ ಮೇಲೆ ಗೂಳಿಯ ಚಿತ್ರದೊಡನೆ ಸಿಂಧೂ ಲಿಪಿಯ ಚಿಹ್ನೆಗಳಿವೆ.

ಇದರ ಇನ್ನೊಂದು ತುದಿಯನ್ನು ಹಿಡಿದವರು ಕನ್ನಡನಾಡಿನವರೇ ಆದ ಶಿಕಾರಿಪುರ ರಂಗನಾಥ ರಾವ್. ಗುಜರಾತಿನ ಲೋಥಾಲನ್ನು 1955ರಿಂದ ಉತ್ಖನನ ಮಾಡಿದ ಅವರು, ಅಲ್ಲಿ ಸಿಕ್ಕ ದುಂಡನೆಯ ಬಳಪದ ಕಲ್ಲಿನ ಮುದ್ರೆಯೊಂದನ್ನು ಪರ್ಶಿಯನ್ ಕೊಲ್ಲಿಯ ಮುದ್ರೆಯೆಂದು ಗುರುತಿಸಿ 1963ರಲ್ಲಿ ಪ್ರಕಟಿಸಿದರು. ಅದರ ಬೆನ್ನಿನ ಉಬ್ಬಿನ ಮೇಲೆ ಮೂರು ಗೆರೆಗಳೂ ಚುಕ್ಕೆಯಿಟ್ಟ ನಾಲ್ಕು ವೃತ್ತಗಳೂ ಇರುವ ಬಗೆ ದಿಲ್ಮುನ್ ಮುದ್ರೆಗಳದೇ. ಡ್ಯಾನಿಶ್ ತಂಡ ಬಹ್ರೇನಿನಲ್ಲಿ ಅಂಥವನ್ನೇ ಹೊರತೆಗೆಯುತ್ತಿದ್ದ ವರ್ಷಗಳಲ್ಲೇ ಕಡಲಿನ ಈಚೆಯಿಂದ ಈ ಸಾಕ್ಷ್ಯ ದೊರೆತದ್ದು ಗಮನಾರ್ಹ. ಆದರೂ ಲೋಥಾಲಿನ ಮುದ್ರೆ ಸಿಕ್ಕಿದ್ದು ನೆಲದ ಮೇಲ್ಮೈಯಲ್ಲಿ, ಮುಚ್ಚಿದ ಪದರದೊಳಗಲ್ಲ. ಸಂಪರ್ಕವಿತ್ತೆಂದು ಅದು ಹೇಳುತ್ತದೆ; ಲೋಥಾಲಿನ ಯಾವ ಘಟ್ಟದಲ್ಲಿ ಎಂದು ಹೇಳಲಾರದು. ವಸ್ತುವಿಗಿಂತ ಅದು ಬಿದ್ದಿದ್ದ ಜಾಗಕ್ಕೆ ಏಕೆ ಇಷ್ಟು ಮಹತ್ವ ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಬ್ರಹ್ಮಗಿರಿಯ ಪಾಠ

ಪದರ ಮತ್ತು ಮಡಕೆಗಳ ಈ ಜೋಡಿ ವಿಧಾನಕ್ಕೆ ಕರ್ನಾಟಕದಲ್ಲೇ ಪ್ರಸಿದ್ಧ ಉದಾಹರಣೆಯಿದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು 1940ರ ದಶಕದ ಆರಂಭದಲ್ಲಿ ಅಗೆತ ನಡೆಸಿದ್ದರು. ಅಶೋಕನ ಶಾಸನದ ಇಸಿಲ ಇದೇ ನೆಲೆ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಮೂರು ಸಂಸ್ಕೃತಿಗಳನ್ನು ಮಡಕೆಗಳ ಮೂಲಕವೇ ಬೇರ್ಪಡಿಸಿದರು. ಕೆಳಗೆ ಕೈಯಿಂದ ಮಾಡಿದ ಒರಟು ಬೂದುಬಣ್ಣದ ಮಡಕೆಗಳ, ಕಲ್ಲುಕೊಡಲಿಯ ಜನ. ನಡುವೆ ಒಳಗೆ ಕಪ್ಪು ಹೊರಗೆ ಕೆಂಪಾದ ಮಡಕೆಗಳ, ಬೃಹತ್ ಶಿಲಾಸಮಾಧಿಯ ಜನ. ಮೇಲೆ ಶಾತವಾಹನ ಕಾಲದ, ಚಕ್ರಾಂಕಿತ ವಿನ್ಯಾಸದ ನಯವಾದ ತಟ್ಟೆಗಳು.

ವರ್ಷಗಳನ್ನು ಅವರು ಪಡೆದದ್ದು ಪುದುಚೇರಿ ಸಮೀಪದ ಅರಿಕಮೇಡುವಿನಿಂದ. ಅಲ್ಲಿ ಇದೇ ಬಗೆಯ ತಟ್ಟೆಗಳು ಕಾಲ ಗೊತ್ತಿದ್ದ ಇಟಲಿಯ ಅರೆಟೈನ್ ಪಾತ್ರೆಗಳೊಂದಿಗೆ ಸಿಕ್ಕಿದ್ದವು. ಹೀಗೆ ರೋಮನ್ ಲೋಕದ ಕಾಲಗಣನೆ ಎರಡು ಜಿಗಿತಗಳಲ್ಲಿ ಚಿತ್ರದುರ್ಗದ ಬಯಲಿಗೆ ಬಂತು. ಆದರೆ ಅದರ ಕೆಳಗಿನ ಪದರಗಳಿಗೆ ವೀಲರ್ ಕೊಟ್ಟದ್ದು ಅಂದಾಜು: ಕಲ್ಲುಕೊಡಲಿಯ ಸಂಸ್ಕೃತಿ ಕ್ರಿ.ಪೂ. 1000ದಿಂದ, ಶಿಲಾಸಮಾಧಿಗಳು ಕ್ರಿ.ಪೂ. 200ರಿಂದ. ಮುಂದೆ ಇಂಗಾಲದ ಕಾಲಮಾಪನ ಬಂದಾಗ ಕರ್ನಾಟಕದ ನವಶಿಲಾಯುಗ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹಿಂದೆ ಸರಿಯಿತು, ಎಂ. ಎಸ್. ನಾಗರಾಜ ರಾವ್ 1965ರಲ್ಲಿ ಅಗೆದ ಹಾವೇರಿ ಜಿಲ್ಲೆಯ ಹಳ್ಳೂರು ಕಬ್ಬಿಣದ ಆರಂಭವನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು. ವೀಲರ್ ಅವರ ವರ್ಷಗಳು ಬಿದ್ದವು; ಅವರು ಗುರುತಿಸಿದ ಅನುಕ್ರಮ ಉಳಿಯಿತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಮಡಕೆ ಖಚಿತವಾಗಿ ಹೇಳುತ್ತದೆ. ಎಷ್ಟು ವರ್ಷದ ಹಿಂದೆ ಎಂಬುದಕ್ಕೆ ಅದಕ್ಕೆ ಹೊರಗಿನ ಆಸರೆ ಬೇಕು.

ಮಡಕೆ ಬದಲಾದರೆ ಜನ ಬದಲಾದರೇ?

ಇಡೀ ವಿಷಯದ ಕಷ್ಟದ ಪ್ರಶ್ನೆ ಇದು. ಬ್ರಹ್ಮಗಿರಿಯಲ್ಲಿ ವೀಲರ್ ಕಪ್ಪು-ಕೆಂಪು ಮಡಕೆಯ ಜೊತೆಗೆ ಹೊಸ ಜನರೇ ದಾಳಿಯಿಟ್ಟು ಬಂದರೆಂದು ಬರೆದರು. ಆದರೆ ಅವರದೇ ಪದರಗಳಲ್ಲಿ ಹಳೆಯ ಮಡಕೆಯೂ ಹೊಸ ಮಡಕೆಯೂ ಕೆಲಕಾಲ ಜೊತೆಗಿದ್ದವು. ನಂತರದ ಅನೇಕ ವಿದ್ವಾಂಸರು ಆ ದಾಳಿಯ ಕಥೆಯನ್ನು ಒಪ್ಪಲಿಲ್ಲ.

ಬಹ್ರೇನಿನ ದಿಬ್ಬ ಈ ಪ್ರಶ್ನೆಗೆ ಒಂದೇ ಉತ್ತರ ಕೊಡುವುದಿಲ್ಲ. ಒಂದರಿಂದ ಎರಡನೆಯ ನಗರಕ್ಕೆ ಆದ ಬದಲಾವಣೆ ಒಳಗಿನದು, ನಿಧಾನದ್ದು. ಎರಡರಿಂದ ಮೂರನೆಯದಕ್ಕೆ ಆದದ್ದು ಹೊರಗಿನದು, ಅಧಿಕಾರದ ಜೊತೆ ಬಂದದ್ದು. ಅಲ್ಲಿಯೂ ಆಳುವವರು ಬದಲಾದರೆಂದು ಹೇಳಬಹುದೇ ಹೊರತು, ತೋಟದ ನೀರು ತಿರುಗಿಸುವವನೂ ಮುತ್ತಿಗಾಗಿ ಮುಳುಗುವವನೂ ಬದಲಾದನೆಂದು ಹೇಳಲು ಲೋಟವೊಂದೇ ಸಾಲದು. ಇನ್ನು ಆರನೆಯ ನಗರದ ಚೀನೀ ಪಿಂಗಾಣಿಯನ್ನು ಕಂಡು ಇಲ್ಲಿ ಚೀನೀಯರು ನೆಲೆಸಿದ್ದರೆಂದು ಯಾರೂ ಹೇಳುವುದಿಲ್ಲ. ಅದು ವ್ಯಾಪಾರದ ಸರಕು. ಅದೇ ತರ್ಕವನ್ನು ಮೊದಲ ನಗರದ ಸಿಂಧೂ ಚೂರುಗಳಿಗೂ ಅನ್ವಯಿಸಬೇಕಲ್ಲವೇ? ಅಲ್ಲಿ ಸ್ವಲ್ಪ ಭಿನ್ನತೆಯುಂಟು. ಪಾತ್ರೆಯನ್ನು ಕೊಳ್ಳಬಹುದು, ತೂಕದ ಮಾನವನ್ನೂ ಲಿಪಿಯುಳ್ಳ ಮುದ್ರೆಯನ್ನೂ ಬಳಸಲು ಅವುಗಳ ರೂಢಿ ಬಲ್ಲವರು ಬೇಕು. ಆದ್ದರಿಂದ ಸಿಂಧೂ ವರ್ತಕರಲ್ಲಿ ಕೆಲವರು ಇಲ್ಲಿ ಬಂದು ತಂಗುತ್ತಿದ್ದಿರಬೇಕೆಂಬ ಅನುಮಾನಕ್ಕೆ ಮಡಕೆಗಿಂತ ತಕ್ಕಡಿ ಹೆಚ್ಚಿನ ಆಧಾರ.

ಇಂದಿನ ಬಹ್ರೇನಿನ ಅಡುಗೆಮನೆಗಳನ್ನು ನೆನೆದರೆ ಈ ಎಚ್ಚರಿಕೆಯ ಅರ್ಥ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ದುಡಿಯುತ್ತಿರುವ ಕನ್ನಡಿಗರ, ತುಳುವರ ಮನೆಗಳಲ್ಲಿ ಚೀನಾದ ತಟ್ಟೆ, ಯೂರೋಪಿನ ಬಾಣಲೆ, ಅರಬರ ಕಾಫಿ ಹೂಜಿ ಎಲ್ಲವೂ ಇರುತ್ತವೆ. ಸಾವಿರ ವರ್ಷದ ಬಳಿಕ ಅಗೆದವರಿಗೆ ಅವು ಯಾವ ಜನರ ಗುರುತಾಗಿ ಕಂಡಾವು? ಬಹುಶಃ ಒಂದು ಇಡ್ಲಿ ತಟ್ಟೆಯೋ, ಒರಳಿನ ಗುಂಡೋ ಮಾತ್ರ ನಿಜವಾದ ಸುಳಿವು ಕೊಟ್ಟೀತು. ಊರು ಬಿಟ್ಟವರು ಊಟದ ತಟ್ಟೆಯನ್ನು ಬೇಗ ಬದಲಿಸುತ್ತಾರೆ, ಅಡುಗೆಯ ಕ್ರಮವನ್ನು ಬೇಗ ಬದಲಿಸುವುದಿಲ್ಲ. ಪುರಾತತ್ತ್ವಜ್ಞರು ಮೆರುಗಿನ ಪಾತ್ರೆಗಿಂತ ಮಸಿಹಿಡಿದ ಅಡುಗೆಗಡಿಗೆಯನ್ನು ಹೆಚ್ಚು ನಂಬುವುದೂ ಇದೇ ಕಾರಣಕ್ಕೆ.

ಉಳಿದ ಮುಕ್ಕಾಲು ಪಾಲು

ಕಲಅತ್ ಅಲ್ ಬಹ್ರೇನ್ 2005ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2008ರಲ್ಲಿ ದಿಬ್ಬದ ಜೊತೆಗೆ, ಹವಳದ ದಿಣ್ಣೆಯನ್ನು ಸೀಳಿ ಬಂದರಿಗೆ ಬರುತ್ತಿದ್ದ ಪ್ರಾಚೀನ ಕಾಲುವೆಯನ್ನೂ, ತೀರದಿಂದ ಸುಮಾರು 1600 ಮೀಟರ್ ದೂರದ ಕಡಲಿನಲ್ಲಿ ಬುಡ ಮಾತ್ರ ಉಳಿದಿರುವ ಗೋಪುರವೊಂದನ್ನೂ ರಕ್ಷಿತ ಎಲ್ಲೆಯೊಳಗೆ ಸೇರಿಸಲಾಯಿತು. ಆ ಗೋಪುರ ದೀಪಸ್ತಂಭವಾಗಿದ್ದಿರಬಹುದು. ಅದೇ ವರ್ಷ ದಿಬ್ಬದ ಪಕ್ಕದಲ್ಲೇ ವಸ್ತುಸಂಗ್ರಹಾಲಯ ತೆರೆಯಿತು. ಅದರ ನಡುವೆ ಎದ್ದು ನಿಂತ ಗೋಡೆಯೊಂದು ದಿಬ್ಬದ ಪದರಗಳನ್ನು ನೋಡುಗರ ಕಣ್ಣಮುಂದೆ ಬಿಚ್ಚಿಡುತ್ತದೆ. ಮೊದಲ ನಗರದಿಂದ ಕೊನೆಯದರವರೆಗಿನ ಮಡಕೆಗಳನ್ನು ಅದರ ಜೊತೆಯಲ್ಲೇ ಓದಿಕೊಳ್ಳಬಹುದು.

ಇಷ್ಟು ದಶಕಗಳ ಕೆಲಸದ ಬಳಿಕವೂ ಅಗೆದಿರುವುದು ದಿಬ್ಬದ ಸುಮಾರು ಕಾಲುಭಾಗವನ್ನು ಮಾತ್ರ. ಇದನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ. ಉತ್ಖನನ ಒಂದು ಪುಸ್ತಕವನ್ನು ಓದುತ್ತ ಪುಟಗಳನ್ನು ಹರಿದುಹಾಕಿದಂತೆ. ಒಮ್ಮೆ ಅಗೆದ ಪದರವನ್ನು ಮತ್ತೊಮ್ಮೆ ಅಗೆಯಲಾಗದು. 1950ರ ದಶಕದವರಿಗೆ ಗೊತ್ತಿರದಿದ್ದ ಎಷ್ಟೋ ಪರೀಕ್ಷೆಗಳು ಇಂದು ಸಾಧ್ಯ; ಇಂದು ನಮಗೆ ಗೊತ್ತಿರದ ಪರೀಕ್ಷೆಗಳು ನಾಳೆ ಬಂದಾವು. ಗಡಿಗೆಯ ಒಳಮೈ ಹೀರಿಕೊಂಡ ಜಿಡ್ಡಿನಿಂದ ಅದರಲ್ಲಿ ಏನು ಬೇಯಿಸಿದ್ದರೆಂದು ತಿಳಿಯುವ ವಿದ್ಯೆ ಆ ಕಾಲದಲ್ಲಿ ಎಲ್ಲಿತ್ತು? ಶಸ್ತ್ರಕ್ರಿಯೆಯಲ್ಲಿ ಎಲ್ಲಿ ಕೈ ತಡೆಯಬೇಕೆಂಬುದೂ ವಿದ್ಯೆಯ ಭಾಗವೇ.

ಆತಂಕವಿರುವುದು ದಿಬ್ಬದ ಹೊರಗೆ. ಬಹ್ರೇನ್ ನೆಲದ ಅಭಾವವಿರುವ ದ್ವೀಪ. ಹಲವು ದಶಕಗಳಿಂದ ಕಡಲನ್ನು ತುಂಬಿ ನೆಲ ಪಡೆಯುತ್ತ ಬಂದಿದೆ. ಉತ್ತರದ ತೀರದಲ್ಲೂ ಹೊಸ ನೆಲ ಎದ್ದಿದೆ. ದಿಬ್ಬದಿಂದ ಕಡಲಿನವರೆಗೆ ತೆರೆದ ನೋಟವೂ, ಹಳೆಯ ಹಡಗುದಾರಿಯೂ ಮುಚ್ಚಿಹೋಗಬಾರದೆಂದು ವಿಶ್ವ ಪರಂಪರೆ ಸಮಿತಿ ಒತ್ತಿಹೇಳಿದೆ. ಸುತ್ತಲ ಸಿಹಿನೀರಿನ ಚಿಲುಮೆಗಳು ಬತ್ತಿ, ಖರ್ಜೂರದ ತೋಟಗಳು ಕಿರಿದಾಗಿವೆ. ಈ ಊರು ಇಲ್ಲಿ ಹುಟ್ಟಿದ್ದೇ ಸಿಹಿನೀರು, ಖರ್ಜೂರ, ಹಡಗು ನಿಲ್ಲುವ ಕಡಲು ಈ ಮೂರು ಒಂದೆಡೆ ಕೂಡಿದ್ದರಿಂದ. ಸರಪಳಿ ಏಣಿನ ಗಡಿಗೆಯಲ್ಲಿ ನೀರು ತುಂಬಿದವರೂ, ಜೇನುಬಣ್ಣದ ಹೂಜಿಯಲ್ಲಿ ಖರ್ಜೂರದ ಪಾನಕ ಹಿಡಿದವರೂ, ಪಿಂಗಾಣಿಯ ಬಟ್ಟಲನ್ನು ಹಡಗಿನಿಂದ ಇಳಿಸಿಕೊಂಡವರೂ ಈ ಮೂರನ್ನೇ ನಂಬಿ ಬಾಳಿದರು. ಚೂರುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವುದು ಸುಲಭ. ಅವುಗಳಿಗೆ ಅರ್ಥ ಕೊಡುವ ನೀರು, ತೋಟ, ಕಡಲುಗಳನ್ನು ಕಾಯುವುದು ಕಷ್ಟ, ಮತ್ತು ಅದನ್ನು ಮಾಡಬೇಕಾದವರು ದಿಬ್ಬದ ಅತ್ಯಂತ ಮೇಲಿನ ಪದರದವರಾದ ಇಂದಿನ ಜನರು.